ಗಂಗಲಕ್ಷ್ಮಿಯ ಸ್ಪ್ಯಾನಿಷ್ ಪರೀಕ್ಷೆ

ನನ್ನ ಅಕ್ಕ ಗಂಗಲಕ್ಷ್ಮಿಗೆ ಒಂದು ಕಡೆ ಕೂತು ಅಭ್ಯಾಸವಿಲ್ಲ. ಪರೀಕ್ಷೆಯ ದಿನ ಬೆಳಿಗ್ಗೆ ಅಡುಗೆಮನೆಗೂ ಅಂಗಳಕ್ಕೂ ಎಷ್ಟು ಸಲ ತಿರುಗಿದಳೆಂದರೆ, ನೋಡಿ ನೋಡಿ ನನಗೇ ತಲೆ ಸುತ್ತಿತು. ‘ಕೂತ್ಕೊಳೇ’ ಎಂದು ಗದರಿದೆ. ಕೂತಳು, ಮತ್ತೆ ಎದ್ದಳು. ಭಾವ ತೆಂಗಿನಕಾಯಿ ಕೀಳಲು ಹೊನ್ನವಳ್ಳಿಯ ತೋಟಕ್ಕೆ ಹೋಗಿ ಆಗಲೇ ಮೂರು ಗಂಟೆಯಾಗಿತ್ತು.

ಭಾವ ತಿಮ್ಮರಾಜುಗೆ ಐವತ್ತರ ಹತ್ತಿರ ವಯಸ್ಸು. ಇವತ್ತಿಗೂ ದಿನಕ್ಕೆ ಮೂವತ್ತು ಮರ ಹತ್ತುತ್ತಾರೆ. ಹೋದ ವರ್ಷದಿಂದ ಇಳಿಯುವಾಗ ಮಂಡಿ ನಡುಗುತ್ತದೆ. ಅದನ್ನು ಕಣ್ಣಾರೆ ಕಂಡ ಮೇಲೆ ಅಕ್ಕ ನೆಮ್ಮದಿಯಾಗಿ ಒಂದು ತುತ್ತು ಉಂಡಿಲ್ಲ.

ಅವಳ ಕೆಲಸ ಕಿಬ್ಬನಹಳ್ಳಿ ಹತ್ತಿರದ ಒಂದು ಘಟಕದಲ್ಲಿ, ತೆಂಗಿನ ನಾರಿನ ಪುಡಿಯನ್ನು ಇಟ್ಟಿಗೆಯಂತೆ ಒತ್ತುವುದು. ಆ ಇಟ್ಟಿಗೆ ಸ್ಪೇನಿಗೆ ಹೋಗುತ್ತದೆ, ಅಲ್ಲಿಯವರು ಅದರ ಮೇಲೆ ಸ್ಟ್ರಾಬೆರಿ ಬೆಳೆಯುತ್ತಾರಂತೆ. ಸ್ಪ್ಯಾನಿಷ್ ಪರೀಕ್ಷೆ ಪಾಸಾದವರಿಗೆ ಆಫೀಸಿನಲ್ಲಿ ಕುರ್ಚಿ, ಒಳ್ಳೆಯ ಸಂಬಳ ಎಂದಿದ್ದರು ಮಾಲೀಕರು. ಆ ಕೆಲಸ ಸಿಕ್ಕರೆ ಭಾವ ಮರ ಹತ್ತುವುದನ್ನು ಬಿಡಬಹುದು. ಅಕ್ಕನಿಗೆ ಸ್ಪ್ಯಾನಿಷ್ ಬೇಕಾಗಿದ್ದು ಇಷ್ಟಕ್ಕೇ.

ಇಬ್ಬರೂ ಫೋನಿನಲ್ಲೇ ಕಲಿತೆವು. ನನಗೆ ಬಿ.ಎ. ಇಂಗ್ಲಿಷಿನ ಜಂಬ, ಅದೇ ಕಾಲಿಗೆ ತೊಡರಿಕೊಂಡಿತು. ‘ಅವನನ್ನು’ ಎನ್ನಲು ಸ್ಪ್ಯಾನಿಷಿನಲ್ಲಿ ‘ಲೊ’ ಎಂಬ ಪುಟ್ಟ ಪದವಿದೆ. ನಾನು ಅದನ್ನು ಇಂಗ್ಲಿಷಿನ ಹಾಗೆ ಕ್ರಿಯಾಪದ ಆದಮೇಲೆ ತಂದು ಇಡುತ್ತಿದ್ದೆ. ಎಸ್ಸೆಸ್ಸೆಲ್ಸಿ ಓದಿದ ಅಕ್ಕ ನಕ್ಕಳು. ‘ಅವರನ್ನ ಕಾಯ್ತೀನಿ ಅಂತೀವಲ್ಲ ಕಣೇ, ಅವರು ಮೊದ್ಲು, ಕಾಯೋದು ಆಮೇಲೆ’ ಎಂದು ‘ಲೊ ಎಸ್ಪೇರೊ’ವನ್ನು ಸಲೀಸಾಗಿ ಹೇಳಿದಳು. ‘ಅವನನ್ನು ಕಾಯಿ’ ಎಂದು ಅಪ್ಪಣೆ ಮಾಡಿದರೆ ಲೊ ಕೊನೆಗೆ ಹೋಗಿ ಅಂಟಿಕೊಳ್ಳುತ್ತದೆ: ‘ಎಸ್ಪೇರಲೊ’. ಕಾಯಬೇಡ ಎಂದರೆ ಮತ್ತೆ ಮುಂದಕ್ಕೆ ಬರುತ್ತದೆ: ‘ನೊ ಲೊ ಎಸ್ಪೇರೆಸ್’. ಅದೂ ಅವಳಿಗೆ ಬಂತು. ನನಗೆ ಹೊಟ್ಟೆಕಿಚ್ಚಾಯಿತು.

ಹನ್ನೊಂದಕ್ಕೆ ಪರೀಕ್ಷಕಿ ಫೋನಿನ ಪರದೆಗೆ ಬಂದರು. ಗಂಡನ ಬಗ್ಗೆ ಐದು ವಾಕ್ಯ ಹೇಳಬೇಕು. ಮೊದಲ ವಾಕ್ಯದಲ್ಲಿ ಹೆಸರು, ಮುಂದಿನವುಗಳಲ್ಲಿ ಹೆಸರಿನ ಬದಲು ಲೊ. ಅಕ್ಕ ನೇರವಾಗಿ ಲೊದಿಂದಲೇ ಶುರುಮಾಡಿದಳು. ಪರೀಕ್ಷಕಿ ತಡೆದರು: ಯಾರನ್ನು? ಹೆಸರು ಹೇಳಿ.

ಅಕ್ಕ ನನ್ನ ಮುಖ ನೋಡಿದಳು. ಗಂಡನ ಹೆಸರು ಬಾಯಿಗೆ ಬಂದರೆ ಅವನ ಆಯಸ್ಸು ಕಡಿಮೆಯಾಗುತ್ತದೆಂದು ನಮ್ಮವ್ವ ಕಲಿಸಿದ್ದಳು. ನಾನಂತೂ ನನ್ನ ಗಂಡನನ್ನು ಹೆಸರು ಹಿಡಿದೇ ಕೂಗುತ್ತೇನೆ, ಅವನಿಗೆ ಕೇಳಿಸುವುದಿಲ್ಲ, ಆ ಮಾತು ಬೇರೆ. ಅಕ್ಕ ಮಾತ್ರ ರೇಷನ್ ಅಂಗಡಿಯಲ್ಲಿ ಕೇಳಿದರೂ ಕಾರ್ಡು ತೋರಿಸುವವಳು. ಗಂಡ ದಿನಾ ಅರವತ್ತಡಿ ಮೇಲಿರುವವಳಿಗೆ ಅದು ತಮಾಷೆಯಲ್ಲ.

‘ಯಾವ್ದಾದ್ರೂ ಹೆಸರು ಹೇಳ್ಬುಡೇ’ ಎಂದು ಪಿಸುಗುಟ್ಟಿದೆ.

‘ಬೇರೆಯೋರ ಹೆಸರು ಹೇಳಿ ಗಂಡ ಅನ್ಲಾ?’ ಎಂದು ಕಣ್ಣು ಕೆಂಪಗೆ ಮಾಡಿದಳು.

ಪರೀಕ್ಷಕಿ ಗಡಿಯಾರ ನೋಡಿದರು. ಅಕ್ಕ ಸೆರಗನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡಳು. ‘ಮಿ ಮರೀದೊ ಸೆ ಯಾಮ ತಿಮ್ಮರಾಜು’ ಎಂದಳು, ನನ್ನ ಗಂಡನ ಹೆಸರು ತಿಮ್ಮರಾಜು ಎಂದು. ಉಳಿದ ನಾಲ್ಕು ವಾಕ್ಯ ಒಂದೇ ಉಸಿರಿಗೆ ಬಂದವು, ಲೊ ಎಲ್ಲೂ ಜಾಗ ತಪ್ಪಲಿಲ್ಲ. ಪಾಸು ಎಂದರು.

ಅವಳಿಗೆ ಖುಷಿಪಡುವಷ್ಟು ಪುರಸೊತ್ತೂ ಇರಲಿಲ್ಲ. ಭಾವನಿಗೆ ಫೋನ್ ಮಾಡಿದಳು. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದಳು. ‘ಗಾಡಿ ತೆಗಿಯೇ ಆಶಾ’ ಎಂದಳು. ದಾರಿಯುದ್ದಕ್ಕೂ ನನ್ನ ಭುಜ ಹಿಂಡುತ್ತಿದ್ದಳು, ನನಗೂ ಭಯವಾಗತೊಡಗಿತು.

ತೋಟದಲ್ಲಿ ಭಾವ ಮರದ ತುದಿಯಲ್ಲಿದ್ದರು. ಫೋನು ಬುಡದಲ್ಲಿ, ಅಂಗಿಯ ಜೇಬಿನಲ್ಲಿತ್ತು. ‘ಕೂಗೇ’ ಎಂದೆ.

‘ಬುಡು, ಗಾಬರಿಯಾಗಿ ಕೈ ಬುಟ್ರೆ?’ ಎಂದಳು. ಭಾವನ ಎರಡೂ ಕಾಲು ನೆಲಕ್ಕೆ ತಾಗುವವರೆಗೆ ತುಟಿ ಬಿಚ್ಚಲಿಲ್ಲ. ಆಮೇಲೆ ಅತ್ತಳು.

‘ನಿಮ್ಮೆಸ್ರು ಹೇಳ್ಬುಟ್ಟೆ ಕಣ್ರೀ.’

‘ಯಾರಿಗೆ?’

‘ಸ್ಪೇನಿನೋರ್ಗೆ.’

ಭಾವ ನಗಲಿಲ್ಲ. ‘ಇಪ್ಪತ್ತಾರು ವರ್ಷ ಆಯ್ತು. ನಿನ್ನ ಬಾಯಲ್ಲಿ ನಾನೇ ಇನ್ನೂ ಕೇಳಿಲ್ಲ’ ಎಂದರು.

ಅಕ್ಕ ಇನ್ನೂ ಕಾಯಿ ಕೀಳಬೇಕಿದ್ದ ಮರಗಳ ಕಡೆ ನೋಡಿದಳು. ‘ಇನ್ಮೇಲೆ ಹತ್ತಲ್ಲ ಅನ್ನಿ. ಹೇಳ್ತೀನಿ.’

ಭಾವ ಸೊಂಟದ ಮಚ್ಚನ್ನೂ ಕಾಲಿನ ಹಗ್ಗವನ್ನೂ ಬಿಚ್ಚಿ ಅವಳ ಕೈಗೆ ಕೊಟ್ಟರು. ಮಂಡಿ ಹಿಡಿದುಕೊಂಡು ಮಣ್ಣಿನ ಮೇಲೆ ಕೂತರು. ‘ನೆಲದ ಮೇಲೆ ಕೂತಿವ್ನಿ. ಇಲ್ಲಿಂದ ಇನ್ನೆಲ್ಲಿಗೆ ಬೀಳ್ಲಿ? ಹೇಳು.’

ಅಕ್ಕ ಹೇಳಿದಳು.