ಕಮಲವಿಲ್ಲದ ಕುಣಿತದ ಚಾಪೆ

ಚೌತಿ ಹತ್ತಿರ ಬಂತೆಂದರೆ ಅಟ್ಟದಿಂದ ಫಲಾವಳಿಯ ಚೌಕಟ್ಟು ಇಳಿಸುವುದು ನಮ್ಮ ಮನೆಯ ಮೊದಲ ಕೆಲಸ. ಗಣಪತಿಯ ತಲೆಯ ಮೇಲೆ ಕಾಯಿ, ಹಣ್ಣು, ಕಾಡುಬಳ್ಳಿಗಳನ್ನೆಲ್ಲ ತೂಗಿಬಿಡುವ ಮರದ ಚೌಕಟ್ಟು ಅದು. ನಿನ್ನೆ ಸಂಜೆ ನಾನು ಏಣಿ ಹತ್ತಿದ್ದೆ. ಪಕ್ಕದ ಮನೆಯ ಶಾಲಿನಿ ಏಣಿ ಹಿಡಿದಿದ್ದಳು. ಹಿಡಿದವಳು ಕೆಳಗಿನಿಂದಲೇ ಹೇಳಿದಳು, "ವೈನಿ, ಈ ಸಲ ಫುಗಡಿ ಕುಣಿಯೂಕೆ ನನ್ನ ಹಿಡೀಬೇಡಿ. ನಾ ಗೋಡೆ ಬದಿ ಕೂತ್ಕಂಡು ಹಾಡು ಹೇಳ್ತೆ."

ಅವಳ ಗಂಡ ತೀರಿಕೊಂಡು, ವರ್ಷಾಂತ ಮುಗಿದು ಬರುತ್ತಿರುವ ಮೊದಲ ಚೌತಿ ಇದು. ನಾನು ಚೌಕಟ್ಟು ಎಳೆದೆ. ಅದರ ಹಿಂದೆ ಸುತ್ತಿಟ್ಟಿದ್ದ ಸುರುಳಿಯೊಂದು ಜಾರಿ, ಶಾಲಿನಿಯ ಕಾಲ ಬಳಿ ಧೊಪ್ಪೆಂದು ಬಿದ್ದು ಬಿಚ್ಚಿಕೊಂಡಿತು. ಹಳೇ ರೇನ್‌ಕೋಟಿನಂಥ ಮುಗ್ಗು ವಾಸನೆ ಕೋಣೆಯೆಲ್ಲ ಹರಡಿತು.

"ಇದೆಂಥದು ವೈನಿ? ಹಾವು-ಏಣಿ ಆಟದ್ದಾ?"

ಹಾವು-ಏಣಿ ಅಲ್ಲ. ನಾಲ್ಕು ದಿಕ್ಕಿಗೆ ನಾಲ್ಕು ಬಾಣ ಬರೆದ ಪ್ಲಾಸ್ಟಿಕ್ ಚಾಪೆ. ಇದನ್ನು ಟಿವಿಗೆ ಹಚ್ಚಿದರೆ ಹಾಡು ಬರುತ್ತದೆ, ಪರದೆಯ ಮೇಲೆ ಬಾಣಗಳು ಏರುತ್ತವೆ. ಯಾವ ಬಾಣ ಬಂತೋ ಅದನ್ನು ತಾಳಕ್ಕೆ ಸರಿಯಾಗಿ ಮೆಟ್ಟಬೇಕು. ಮೆಟ್ಟಿದರೆ ಚಪ್ಪಾಳೆ, ತಪ್ಪಿದರೆ ಎಮ್ಮೆ ಕೂಗಿದಂಥ ಒಂದು ಸದ್ದು. ಆ ಎಮ್ಮೆಯ ಕೂಗನ್ನು ನನ್ನಷ್ಟು ಕೇಳಿದವರು ಕಾರವಾರ ತಾಲೂಕಿನಲ್ಲಿ ಇನ್ನೊಬ್ಬರಿರಲಾರರು.

ನನ್ನ ತವರು ಅಂಕೋಲೆಯ ಹಿಲ್ಲೂರು. ನಮ್ಮಲ್ಲಿ ಚೌತಿಯೆಂದರೆ ಕೂತು ಭಜನೆ ಹೇಳುವುದು, ಎದ್ದು ಚಕ್ಕುಲಿ ತಿನ್ನುವುದು. ಕಾಲಿಗೆ ಏನೂ ಕೆಲಸವಿಲ್ಲ. ಮದುವೆಯಾಗಿ ಕದ್ವಾಡಕ್ಕೆ ಬಂದ ಮೇಲೆ ತಿಳಿಯಿತು, ಇಲ್ಲಿ ಆರತಿ ಮುಗಿದದ್ದೇ ಹೆಂಗಸರೆಲ್ಲ ಸೆರಗು ಸಿಕ್ಕಿಸಿ ಗಣಪತಿಯ ಎದುರು ಫುಗಡಿಗೆ ನಿಲ್ಲುತ್ತಾರೆಂದು. ಇಬ್ಬರಿಬ್ಬರು ಎದುರುಬದುರಾಗಿ ಕೈಗೆ ಕೈ ಕತ್ತರಿ ಹಾಕಿ, ಹಾಡು ಏರಿದ ಹಾಗೆ ವೇಗ ಏರಿಸಿ, ಗರಗರ ತಿರುಗುವ ಆಟ. ಒಬ್ಬಳ ಹೆಜ್ಜೆ ತಪ್ಪಿದರೆ ಇಬ್ಬರೂ ನೆಲಕ್ಕೆ. ಬಾಲ್ಯದಲ್ಲಿ ಹಗ್ಗದಾಟದಿಂದಲೇ ಹೊರಗೆ ಕೂರಿಸಲ್ಪಟ್ಟವಳು ನಾನು. ಮೊದಲ ಚೌತಿಗೆ ಇನ್ನೂ ಮೂರು ತಿಂಗಳಿರುವಾಗಲೇ ನಿದ್ದೆ ಬಿಟ್ಟೆ.

ಅತ್ತೆಗೆ, ಹಿರಿಯ ಹೆಂಗಸರಿಗೆಲ್ಲ ಇಲ್ಲಿ ಮಾಯಿ ಎನ್ನುತ್ತಾರೆ. ನನ್ನ ಮಾಯಿ ಒಂದು ಕಾಲಕ್ಕೆ ಕದ್ವಾಡದಲ್ಲಿ ಫುಗಡಿಗೆ ಹೆಸರಾದವರು. ಮಾವ ತೀರಿಕೊಂಡ ಮೇಲೆ ಸಾಲಲ್ಲಿ ನಿಂತಿರಲಿಲ್ಲ. ಬೇಡವೆಂದು ಯಾರೂ ಹೇಳಿರಲಿಲ್ಲ, ಬಾ ಎಂದೂ ಯಾರೂ ಕರೆದಿರಲಿಲ್ಲ. ಗೋಡೆಗೊರಗಿ ಕೂತು ಹಾಡು ಹೇಳುತ್ತಿದ್ದರು. "ಸಾಲಲ್ಲಿ ನನ್ನ ಜಾಗ ಖಾಲಿ ಉಳದೀದು ಗೋ ಬಾಯಿ," ಎಂದರು ನನಗೆ. "ಅಲ್ಲಿ ನೀ ನಿಂತ್ರೆ ಸಾಕು. ನಂಗೆ ಮತ್ತೆಂಥದೂ ಬೇಡ."

ನನ್ನ ಗಂಡನಿಗೆ ಎಲ್ಲದಕ್ಕೂ ಒಂದು ಯಂತ್ರ ಹುಡುಕುವ ಚಟ. ಮಡಗಾಂವಿನಲ್ಲಿ ಎಲ್ಲೋ ಮಕ್ಕಳು ಇಂಥ ಚಾಪೆಯ ಮೇಲೆ ಕುಣಿಯುವುದನ್ನು ನೋಡಿ ಬಂದವರು, "ತಾಳ ಕಲಿಯೂಕೆ ಇದೇ ಸರಿ. ತಪ್ಪಿದ್ರೆ ಬೈಯೂರಿಲ್ಲ," ಎಂದರು. ಎಮ್ಮೆಯ ವಿಷಯ ಆಗ ಅವರಿಗೂ ಗೊತ್ತಿರಲಿಲ್ಲ. ಗೋವೆಯಲ್ಲಿದ್ದ ಕಬ್ಬಿಣದ ಚೌಕಟ್ಟಿನದು ನಮ್ಮ ಕೈಗೆಟುಕುವಂಥದ್ದಲ್ಲ. ಹಾಗಾಗಿ ಕಾರವಾರ ಪೇಟೆಯಲ್ಲಿ ಆಟಿಕೆ, ಟಾರ್ಚು, ಕೊಡೆ ಎಲ್ಲವನ್ನೂ ಮಾರುವ ಅಂಗಡಿಯೊಂದಕ್ಕೆ ಮಾಯಿಯನ್ನೂ ಕರೆದುಕೊಂಡು ಹೋದೆವು.

ನೀವೇನಾದರೂ ಇಂಥದ್ದನ್ನು ಕೊಳ್ಳುವವರಿದ್ದರೆ ಮಾಯಿಯಂಥವರನ್ನು ಜತೆಗೆ ಕರೆದೊಯ್ಯಿರಿ. ಅಂಗಡಿಯವನು ಮೂರು ಬಗೆ ಹರವಿದ. ಮಾಯಿ ಬಂಗಡೆ ಮೀನಿನ ಕಿವಿರು ಎತ್ತಿ ನೋಡುವವರ ಹಾಗೆ ಒಂದೊಂದರ ಮೂಲೆ ಎತ್ತಿ ನೋಡಿದರು. ಮೊದಲನೆಯದು ತೀರಾ ಅಗ್ಗ, ಊಟದ ಮೇಜಿನ ಹೊದಿಕೆಯಷ್ಟು ತೆಳು. ಅದರ ಬೆನ್ನ ಮೇಲೆ ಅಂಗೈ ಉಜ್ಜಿ, "ಇದು ನುಣ್ಣಗೀದು. ನಮ್ಮನೆ ಕೆಂಪು ನೆಲದ ಮೇಲೆ ಇದನ್ನ ಹಾಕಿದ್ರೆ ಇವಳು ಕುಣಿಯೂಕಿಲ್ಲ, ಬಾಗಿಲ ಹೊರಗೆ ಹೋಗಿ ಬೀಳ್ತಾಳೆ," ಎಂದರು. ಎರಡನೆಯದರೊಳಗೆ ದಪ್ಪ ಸ್ಪಂಜು, ಬೆನ್ನಿಗೆ ಹಿಡಿತ, ಮೊಣಕಾಲಿಗೆ ಮೆತ್ತಗೆ, ಬೆಲೆಯೂ ಅಡ್ಡಿಲ್ಲ. ಆದರೆ ನಟ್ಟನಡುವೆ ಗುಲಾಬಿ ಬಣ್ಣದ ಕಮಲ ಬರೆದಿತ್ತು.

"ಕಮಲದ ಮೇಲೆ ಕಾಲಿಡೂದಾ? ಅದು ಲಕ್ಷ್ಮಿ ಕೂಡ್ರೂ ಜಾಗ."

"ಮಾಯಿ, ಇದು ಬರೇ ಪ್ಲಾಸ್ಟಿಕ್," ಅಂಗಡಿಯವನು ನಕ್ಕ.

"ನಿನ್ನ ಗಲ್ಲಾಪೆಟ್ಟಿಗೆ ಮೇಲೀದ್ದ ಲಕ್ಷ್ಮಿ ಫೋಟೋನೂ ಬರೇ ಕಾಗದ. ಅದನ್ನ ಮೆಟ್ತ್ಯಾ?"

ಅವನು ಮೂರನೆಯದನ್ನು ಬಿಚ್ಚಿದ. ಸ್ಪಂಜು ಸ್ವಲ್ಪ ಕಡಿಮೆ, ಬೆನ್ನಿಗೆ ಹಿಡಿತವಿತ್ತು, ಬಾಣ ಬಿಟ್ಟರೆ ಬೇರೆ ಚಿತ್ರವಿರಲಿಲ್ಲ. ಕಂಪ್ಯೂಟರ್ ಬೇಡ, ಮೂರು ಬಣ್ಣದ ಪಿನ್ನು ಟಿವಿಯ ಬೆನ್ನಿಗೆ ಚುಚ್ಚಿದರಾಯಿತು. ಅದನ್ನೇ ಕಟ್ಟಿಸಿದೆವು.

ಕಲಿಕೆ ಶುರುವಾಯಿತು. ಕುಣಿಯುವ ಮೊದಲು ರಂಗವನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕೆಂಬುದು ಮಾಯಿಯ ಕಟ್ಟುನಿಟ್ಟು. ದಿನವೂ ಮಧ್ಯಾಹ್ನ ಟಿವಿ ಹಚ್ಚಿ, ಮೊದಲು ಅವರು ಬಗ್ಗಿ ಚಾಪೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು, ಆಮೇಲೆ ನಾನು. ನಂತರ ಶುರುವಿನ ಗುಂಡಿ ಮೆಟ್ಟಿ ನಾನು ಹತ್ತುವುದು, ಅವರು ಕುರ್ಚಿಯಲ್ಲಿ ಕೂತು ತೊಡೆಯ ಮೇಲೆ ತಾಳ ಹಾಕುವುದು. ಬಾಣಗಳು ದಂಡೆಗೆ ಮುತ್ತಿದ ತಾರ್ಲೆ ಮೀನಿನ ಹಿಂಡಿನಂತೆ ಬರುತ್ತಿದ್ದವು. ಎಡಕ್ಕೆ ಕಾಲಿಡುವಷ್ಟರಲ್ಲಿ ಬಲ, ಬಲಕ್ಕೆ ತಿರುಗುವಷ್ಟರಲ್ಲಿ ಎರಡೂ. ಎಮ್ಮೆ ಕೂಗಿದ್ದೇ ಕೂಗಿದ್ದು. ಹಾರವಾಡದಿಂದ ಬುಟ್ಟಿ ಹೊತ್ತು ಬರುತ್ತಿದ್ದ ಮೀನು ಮಾರುವವಳು ಒಂದು ದಿನ ಹಿತ್ತಲಲ್ಲಿ ಇಣುಕಿ, "ಎಮ್ಮೆ ಯಾವಾಗ ತಂದ್ರಿ?" ಎಂದು ಕೇಳಿದಳು.

ಮಾಯಿ ಮಾತ್ರ ಬೇಸರಿಸಲಿಲ್ಲ. "ಕಾಲು ನೋಡ್ಬೇಡ ಗೋ. ಕಾಲು ನೋಡಿದವಳು ಬೀಳ್ತಾಳೆ. ಎದುರಿಗಿದ್ದವಳ ಮುಖ ನೋಡು." ಎದುರಿಗಿದ್ದದ್ದು ಡಬ್ಬಾ ಟಿವಿ. ಅದರ ಮುಖವನ್ನೇ ನೋಡಿದೆ. ತಿಂಗಳು ಕಳೆದರೂ ನನ್ನ ಪಾಡು ಸುಧಾರಿಸದೆ ಒಂದು ದಿನ ಅತ್ತೇಬಿಟ್ಟೆ.

ಆ ದಿನ ಗಂಡ ಮಧ್ಯಾಹ್ನವೇ ಮನೆಗೆ ಬಂದಿದ್ದರು. ಬಾಗಿಲಲ್ಲಿ ನಿಂತು ನಮ್ಮ ಪೂಜೆ ನೋಡಿದವರು ಹೊಟ್ಟೆ ಹಿಡಿದು ನಗತೊಡಗಿದರು. ಪರದೆಯ ಮೇಲೆ ಮೊದಲು ಬರುತ್ತಿದ್ದದ್ದು ಒಂದರ ಕೆಳಗೊಂದು ಮೂರು ಗೊಂಬೆ. ಪಕ್ಕದಲ್ಲಿ ಚೀನೀ ಅಕ್ಷರ. ಮೊದಲನೆಯದು ಕಲಿಯುವವರ ಆಟ, ಕೊನೆಯದು ಪಳಗಿದವರದ್ದು. ನಾವು ಬಗ್ಗಿ ಮುಟ್ಟುತ್ತಿದ್ದದ್ದು ಸರಿಯಾಗಿ ಕೆಳಗಿನ ಬಾಣವನ್ನು. "ಆಯಿ ನಮಸ್ಕಾರ ಮಾಡಿದಾಗ ಒಂದು ಗೊಂಬೆ ಕೆಳಗೆ, ಇವಳು ಮಾಡಿದಾಗ ಮತ್ತೊಂದು. ದಿನಾ ನಮಸ್ಕಾರ ಮಾಡಿ ಮಾಡಿ ನೀವಿಬ್ರೂ ಕೊನೇ ಗೊಂಬೆಗೇ ಹೋಗ್ತಿದ್ರಿ!"

"ಹಂಗಂತ ನಮಸ್ಕಾರ ಬಿಡೂಕಾಗ್ತದಾ?" ಎಂದ ಮಾಯಿ ಒಳಗಿನಿಂದ ಊಟದ ಮಣೆ ತಂದು ಚಾಪೆಯ ಪಕ್ಕ ಇಟ್ಟರು. ಅಂದಿನಿಂದ ಮಣೆಗೆ ನಮಸ್ಕಾರ, ಚಾಪೆಗೆ ಕಾಲು. ಕಲಿಯುವವರ ಆಟದಲ್ಲಿ ಬಾಣಗಳು ಸಾವಕಾಶ ಬರುತ್ತಿದ್ದವು. ಮೊದಲ ಸಲ ಚಪ್ಪಾಳೆ ಕೇಳಿದಾಗ ಟಿವಿಗೇ ಕೈ ಮುಗಿದೆ.

ಆಮೇಲೆ ಮಾಯಿಗೆ "ತೋರಿಸುವ" ಹುಚ್ಚು ಹತ್ತಿತು. "ಅಲ್ಲ ಬಾಯಿ, ಹಿಂಗೆ. ಸರಿ, ನಾ ಬರೇ ತೋರಿಸ್ತೆ" ಎಂದು ಸೆರಗು ಸಿಕ್ಕಿಸಿ ಹತ್ತುತ್ತಿದ್ದರು. ತೋರಿಸುವುದು ಒಂದು ಹಾಡಿನಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಬೆಳೆಯಿತು. ಬರಬರುತ್ತ ನಾನು ಕುರ್ಚಿಯಲ್ಲಿ, ಅವರು ಚಾಪೆಯ ಮೇಲೆ, ಅದೂ ಕೊನೆಯ ಗೊಂಬೆಯಲ್ಲಿ. ಒಲೆಯ ಮೇಲೆ ಚಹಾ ಉಕ್ಕಿದರೂ ಇಬ್ಬರಿಗೂ ಗೊತ್ತಾಗುತ್ತಿರಲಿಲ್ಲ. ಅವರ ಮುಖ ಅಷ್ಟು ಅರಳಿದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ.

"ಚೌತಿಗೂ ನಿಂತ್ಕೊಳ್ಳಿ ಮಾಯಿ," ಎಂದೆ.

ಅವರು ತಟ್ಟನೆ ಇಳಿದುಬಿಟ್ಟರು. "ಇದು ಮಷಿನ್ ಗೋ. ಇದಕ್ಕೆ ನನ್ನ ಹಣೆ ಕಾಣೂದಿಲ್ಲ. ಅಲ್ಲಿ ಎಲ್ಲರಿಗೂ ಕಾಣ್ತದೆ."

ಚೌತಿಯ ಸಂಜೆ ಆರತಿಯಾಯಿತು. ಸಾಲು ನಿಂತಿತು. ನಾನು ಮಾಯಿಯ ಜಾಗದಲ್ಲಿ ನಿಂತೆ. ಅವರು ಗೋಡೆ ಬದಿ ಕೂತು ತೃಪ್ತಿಯಿಂದ ನನ್ನನ್ನು ನೋಡಿದರು. ಎದುರಿಗೆ ಬಂದವಳು ನನ್ನ ನಾದಿನಿ. ಕೈ ಚಾಚಿದಳು. ಇಷ್ಟು ಸಾಕೆಂದು ಮಾಯಿ ಹೇಳಿದ್ದರು ನಿಜ, ನನಗೆ ಮಾತ್ರ ಸಾಕಾಗಲಿಲ್ಲ. ನೇರ ಗೋಡೆಯ ಬಳಿ ಹೋಗಿ ಕೈ ಕತ್ತರಿ ಮಾಡಿ ಅವರ ಎದುರು ನಿಂತೆ.

"ಎದುರಿಗಿದ್ದವಳ ಮುಖ ನೋಡು ಅಂದಿದ್ರಲ್ಲ ಮಾಯಿ. ನಂಗೆ ನಿಮ್ಮ ಮುಖ ನೋಡಿಯೇ ಅಭ್ಯಾಸ. ಬೇರೆಯವರದ್ದು ನೋಡಿದ್ರೆ ಬೀಳ್ತೆ."

ಹಾಡು ನಿಂತುಹೋಗಿತ್ತು. ಮಾಯಿ ಒಮ್ಮೆ ಗಣಪತಿಯನ್ನು ನೋಡಿದರು, ಒಮ್ಮೆ ಹೆಂಗಸರನ್ನು. ಆಮೇಲೆ ಬಗ್ಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡರು. "ಬಿದ್ರೆ ನಿಂದೇ ತಪ್ಪು," ಎಂದು ನನ್ನ ಕೈ ಹಿಡಿದು ಎದ್ದರು. ಯಾರೋ ಹಾಡು ಎತ್ತಿಕೊಂಡರು. ನಾನು ಬೀಳಲಿಲ್ಲ. ತಿರುಗುವಾಗ ಕಂಡದ್ದು ಅವರ ಮುಖ ಒಂದೇ. ಅದು ನಗುತ್ತಿತ್ತು, ಕಣ್ಣು ತುಂಬಿತ್ತು. ಅಲ್ಲಿಂದ ಮುಂದೆ ಮೊಣಕಾಲು ನಡೆಸಿದಷ್ಟು ವರ್ಷವೂ ಅವರು ಗೋಡೆ ಬದಿ ಕೂರಲಿಲ್ಲ.

ಇಷ್ಟನ್ನೂ ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕೂತು ಶಾಲಿನಿಗೆ ಹೇಳಿದೆ. ಮಾಯಿ ಈಗಿಲ್ಲ, ಆ ಡಬ್ಬಾ ಟಿವಿಯೂ ಇಲ್ಲ. ಈಗಿನ ಟಿವಿಯ ಬೆನ್ನಿಗೆ ಆ ಪಿನ್ನುಗಳಿಗೆ ಜಾಗವೇ ಇಲ್ಲ. ಶಾಲಿನಿ ಬಾಣಗಳ ಧೂಳನ್ನು ಕಾಲ್ಬೆರಳಿಂದ ಸವರುತ್ತ ನಿಂತಿದ್ದಳು. ನಾನೆದ್ದು ಕೈ ಕತ್ತರಿ ಮಾಡಿ ಚಾಚಿದೆ.

"ಹಾಡೇ ಇಲ್ವಲ್ಲ ವೈನಿ."

"ಹಾಡು ನೀ ಹೇಳ್ತೆ ಅಂದ್ಯಲ್ಲ. ಹೇಳು."

ಅವಳು ಹಾಡಲಿಲ್ಲ. ಕೈಯನ್ನು ಮಾತ್ರ ಹಿಡಿದಳು, ಚಾಪೆಯ ಮೇಲೆ ಎರಡು ಸುತ್ತು ತಿರುಗಿ, ಒಲೆ ಮೇಲೆ ಅನ್ನ ಇದೆಯೆಂದು ಓಡಿಹೋದಳು. ನನ್ನ ಮೊಣಕಾಲು ಬೆಳಗಿನಿಂದ ಬೈಯುತ್ತಿದೆ, ಬೈಯಲಿ. ಇವತ್ತು ಮಧ್ಯಾಹ್ನ ಶಾಲಿನಿ ಮತ್ತೆ ಬಂದು ಚಾಪೆ ಕೇಳಿದಳು. ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು, ನನ್ನ ಮುಖ ನೋಡದೆ, "ಮಗಳಿಗೆ ಬರೇ ತೋರಿಸೂಕೆ," ಎಂದಳು.

ತೋರಿಸಲಿ. ಮಾಯಿಯೂ ತೋರಿಸುವುದಕ್ಕೆಂದೇ ಹತ್ತಿದ್ದು.