ಹಳೆಯ ಪ್ರೊಸೆಸರ್ ಬೇಕಾದ ಭಾನುವಾರ

ನಮ್ಮ ಮನೆಯಲ್ಲಿ ಕಂಪ್ಯೂಟರಿನಲ್ಲಿ ಆಟ ಆಡುವವನು ನನ್ನ ಗಂಡ, ಅದರ ಹೊಟ್ಟೆ ಬಗೆದು ರಿಪೇರಿ ಮಾಡುವವಳು ನಾನು. ಯಾವ ಬೋರ್ಡಿಗೆ ಯಾವ ಪ್ರೊಸೆಸರ್, ಯಾವ ಕಾರ್ಡಿಗೆ ಎಷ್ಟು ಪವರ್ ಎಂದು ಅಳೆದು ಸುರಿದು ನೋಡದೆ ನಾನು ಒಂದು ಸ್ಕ್ರೂ ಕೂಡ ತಂದವಳಲ್ಲ. ಸೋತಾಗಲೆಲ್ಲ ಅವನು ಮಷಿನ್ ಸ್ಲೋ ಅನ್ನುತ್ತಿದ್ದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾನು ಅಡುಗೆಮನೆಯಿಂದಲೇ ಕಾಲೆಳೆಯುತ್ತಿದ್ದೆ. ಅದಕ್ಕೆ ಅವನೂ ನಗುತ್ತಿದ್ದ.

ಆಮೇಲೆ ಯಾವಾಗಲೋ ನಗುವುದು ನಿಂತಿತು. ದೊಡ್ಡ ಜಗಳವೇನೂ ಆಗಲಿಲ್ಲ. ಎತ್ತು ಏರಿಗೆ, ಕೋಣ ನೀರಿಗೆ ಅನ್ನುವ ಹಾಗೆ ಪ್ರತಿಯೊಂದರಲ್ಲೂ ಎಳೆದಾಟ. ಕೊನೆಗೆ ಅವನು ಸ್ವಲ್ಪ ದಿನ ಒಬ್ಬನೇ ಇರುತ್ತೇನೆಂದು ಕೆ.ಆರ್. ಪುರದಲ್ಲಿ ಒಂದು ರೂಮು ಮಾಡಿದ. ಜೋಗುಪಾಳ್ಯದ ಮನೆಯಲ್ಲಿ ನಾನು ಉಳಿದೆ. ‘ಸ್ವಲ್ಪ ದಿನ’ ಅಂದದ್ದನ್ನು ನಾನು ಪೂರ್ತಿ ನಂಬಿದ್ದೆ.

ಅಲ್ಲಿ ಹೊತ್ತು ಹೋಗುವುದಿಲ್ಲ ಎಂದು ಅವನು ಸೆಕೆಂಡ್ ಹ್ಯಾಂಡ್ ಸಾಮಾನಿನಲ್ಲಿ ಒಂದು ಮಷಿನ್ ಕಟ್ಟಲು ಹೊರಟ. ಪ್ರೊಸೆಸರ್ ಮಾತ್ರ ಸಿಕ್ಕಿರಲಿಲ್ಲ. ನಮ್ಮ ಮನೆಯದನ್ನೇ ಬಿಚ್ಚಿ, ಅವನ ಬೋರ್ಡಿಗೆ ಹೊಂದುತ್ತದೆಯೇ ಎಂದು ನಾನೇ ನೋಡಿ ಕಳಿಸಿಕೊಟ್ಟೆ. ಮೊದಲ ಸಲಕ್ಕೇ ಆನ್ ಆಯಿತಂತೆ.

ಕೊಟ್ಟದ್ದು ಉದಾರತನವಲ್ಲ, ನನ್ನದೂ ಒಂದು ಲೆಕ್ಕವಿತ್ತು. ಅವನು ಬಹಳ ದಿನದಿಂದ ಆಸೆಪಡುತ್ತಿದ್ದ ಒಂದು ಹೊಸ ಗೇಮು ನಮ್ಮ ಹಳೆಯ ಮಷಿನ್ನಿನಲ್ಲಿ ಓಡುತ್ತಿರಲಿಲ್ಲ. ಇಲ್ಲಿ ಅದು ಓಡುವ ಹಾಗೆ ಮಾಡಿದರೆ ನೋಡುವುದಕ್ಕಾದರೂ ಬರುತ್ತಾನೆ, ಬಂದವನು ಉಳಿಯುತ್ತಾನೆ. ಹೊಸ ಪ್ರೊಸೆಸರಿನ ಸಾಕೆಟ್ ನಮ್ಮ ಬೋರ್ಡಿನದೇ. ಪವರ್ ಸಪ್ಲೈ ಸಾಕಾಗುತ್ತಿತ್ತು. ಹೊಸ ಗ್ರಾಫಿಕ್ಸ್ ಕಾರ್ಡು ಉದ್ದವಿದೆಯೆಂದು ಬ್ಲೌಸ್ ಅಳತೆಯ ಟೇಪಿನಿಂದ ಕ್ಯಾಬಿನೆಟ್ ಅಳೆದೆ, ಹೆಬ್ಬೆರಳಷ್ಟು ಜಾಗ ಮಿಕ್ಕಿತು. ಬೋರ್ಡ್ ಕಂಪನಿಯ ಪಟ್ಟಿಯಲ್ಲೂ ಪ್ರೊಸೆಸರಿನ ಹೆಸರಿತ್ತು. ಎರಡನ್ನೂ ತರಿಸಿ ಜೋಡಿಸಿದೆ.

ಫ್ಯಾನು ತಿರುಗಿತು, ದೀಪ ಹತ್ತಿತು, ಸ್ಕ್ರೀನ್ ಮಾತ್ರ ಕಪ್ಪಾಗಿಯೇ ಇತ್ತು.

ಎಲ್ಲ ಬಿಚ್ಚಿ ಮತ್ತೆ ಜೋಡಿಸಿದರೂ ಅಷ್ಟೇ. ಆಮೇಲೆ ಗೊತ್ತಾಯಿತು. ಬೋರ್ಡಿನೊಳಗೆ ಬಯಾಸ್ ಅನ್ನುವ ಸಣ್ಣ ತಂತ್ರಾಂಶ ಇರುತ್ತದೆ. ನಮ್ಮದು ಹಳೆಯದು, ಆಮೇಲೆ ಬಂದ ಪ್ರೊಸೆಸರಿನ ಗುರುತೇ ಅದಕ್ಕಿಲ್ಲ. ಬಯಾಸನ್ನು ಹೊಸದು ಮಾಡಬೇಕು. ಮಾಡಲು ಮಷಿನ್ ಆನ್ ಆಗಬೇಕು. ಆನ್ ಆಗಲು ಅದಕ್ಕೆ ಗುರುತಿರುವ ಹಳೆಯ ಪ್ರೊಸೆಸರೇ ಬೇಕು. ಅದು ಕೆ.ಆರ್. ಪುರದಲ್ಲಿತ್ತು.

ಇಷ್ಟು ಪರೀಕ್ಷೆ ಮಾಡಿಯೂ ಎಡವಿದೆನಲ್ಲ ಎಂದು ಮೊದಲು ಮೈಯೆಲ್ಲ ಉರಿಯಿತು. ಮರುಕ್ಷಣವೇ, ಸತ್ಯ ಹೇಳಬೇಕೆಂದರೆ, ಖುಷಿಯಾಯಿತು. ಅಂಗಡಿಗೆ ಒಯ್ದಿದ್ದರೂ ಮಾಡಿಕೊಡುತ್ತಿದ್ದರು. ನಾನು ಅವನಿಗೇ ಫೋನ್ ಮಾಡಿದೆ.

ಭಾನುವಾರ ಮಧ್ಯಾಹ್ನ ಮೆಟ್ರೋದಲ್ಲಿ ಬಂದ. ಮೊದಲೆಲ್ಲ ಚಪ್ಪಲಿಯನ್ನು ನಡುಮನೆಗೇ ಒದ್ದುಕೊಂಡು ಬರುತ್ತಿದ್ದವನು ಅವತ್ತು ಹೊಸಿಲಾಚೆ ಜೋಡಿಸಿ ಬಿಟ್ಟ. ಮೆಂತ್ಯ ಪಲಾವ್ ಮಾಡಿದ್ದೆ, ಊಟ ಆಗಿದೆ ಅಂದ. ಪ್ರೊಸೆಸರನ್ನು ಸ್ಪಂಜಿನಲ್ಲಿ ಸುತ್ತಿ ಕನ್ನಡಕದ ಡಬ್ಬಿಯಲ್ಲಿಟ್ಟು ತಂದಿದ್ದ. ಅವನಿಗೆ ಕನ್ನಡಕ ಬಂದಿದೆಯೆಂದೇ ನನಗೆ ಗೊತ್ತಿರಲಿಲ್ಲ. ಫ್ರೇಮು ಒಂಚೂರೂ ಒಪ್ಪುತ್ತಿರಲಿಲ್ಲ. ಜೊತೆಗೆ ಹೋಗಿದ್ದರೆ ಅದನ್ನು ಕೊಳ್ಳಲು ನಾನು ಬಿಡುತ್ತಲೇ ಇರಲಿಲ್ಲ.

ನೆಲದ ಮೇಲೆ ಕೂತೆವು. ಅವನು ಮೊಬೈಲಿನ ಬೆಳಕು ಹಿಡಿದ, ನಾನು ಹಳೆಯ ಪ್ರೊಸೆಸರ್ ಕೂರಿಸಿದೆ. ಸ್ಕ್ರೀನ್ ಬೆಳಗಿತು. ಸಿದ್ಧ ಮಾಡಿಟ್ಟಿದ್ದ ಪೆನ್ ಡ್ರೈವ್ ಚುಚ್ಚಿದೆ. ಆಗ ಒಂದು ಎಚ್ಚರಿಕೆ ಮೂಡಿತು: ಹೊಸ ಬಯಾಸ್ ಬಂದ ಮೇಲೆ ಹಳೆಯ ಪ್ರೊಸೆಸರುಗಳು ಈ ಬೋರ್ಡಿನಲ್ಲಿ ನಡೆಯುವುದಿಲ್ಲ, ಮತ್ತೆ ಹಿಂದಕ್ಕೆ ಹೋಗಲೂ ಆಗುವುದಿಲ್ಲ. ಹಾಗೆ ನಡೆಯದವುಗಳಲ್ಲಿ ಅವನು ತಂದದ್ದೂ ಸೇರಿತ್ತು. ನನ್ನ ಬೆರಳು ಕೀಲಿಯ ಮೇಲೇ ನಿಂತಿತು.

“ಇದನ್ನ ಒತ್ತಿದ್ರೆ ನಿನ್ನ ಪ್ರೊಸೆಸರ್ ಇನ್ಮೇಲೆ ಇಲ್ಲಿ ನಡೆಯಲ್ಲ,” ಅಂದೆ.

ಅವನು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದ.

“ಒತ್ತು. ಹೆಂಗೂ ಅದು ನನ್ ಮನೇಲಿ ನಡೀತಿದೆಯಲ್ಲ.”

ಅಲ್ಲಿಯವರೆಗೆ ಒಂದು ಸಲವೂ ಅವನು ಅದನ್ನು ಮನೆ ಅಂದಿರಲಿಲ್ಲ, ರೂಮು ಅನ್ನುತ್ತಿದ್ದ. ಬಾಯಿತಪ್ಪಿ ಬಂದಿರಬೇಕು, ಈಗ ತಿದ್ದಿಕೊಳ್ಳುತ್ತಾನೆ ಎಂದು ಅವನ ಮುಖವನ್ನೇ ನೋಡಿದೆ. ಅವನು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸುತ್ತಿದ್ದ. ನಾನು ಒತ್ತಿದೆ.

ಆ ಕೆಲಸ ಮುಗಿಯುವವರೆಗೆ ಕರೆಂಟ್ ಹೋಗಬಾರದು, ಹೋದರೆ ಬೋರ್ಡೇ ಸತ್ತಂತೆ. ಸ್ಕ್ರೀನಿನಲ್ಲಿ ಬಿಳಿ ಗೆರೆ ಮೆಲ್ಲಗೆ ಬೆಳೆಯುತ್ತಿತ್ತು. ಕರೆಂಟ್ ಹೋಗಲಿ ದೇವರೇ ಎಂದು ನಾನು ಬೇಡಿಕೊಂಡೆ. ನಮ್ಮ ಬೀದಿಯಲ್ಲಿ ಕುಕ್ಕರ್ ಮೂರು ಸಲ ಕೂಗುವಷ್ಟರಲ್ಲಿ ಎರಡು ಸಲ ಹೋಗುವ ಕರೆಂಟು ಅವತ್ತು ಕಣ್ಣು ಕೂಡ ಮಿಟುಕಿಸಲಿಲ್ಲ. ಕರೆಂಟೂ ಅವನ ಕಡೆಯೇ.

ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿದೆ. ಬೋರ್ಡು ಈ ಸಲ ತಕ್ಷಣ ಗುರುತು ಹಿಡಿಯಿತು. ಅವನು ತನ್ನ ಪ್ರೊಸೆಸರಿಗೆ ಅಂಟಿದ್ದ, ಬಿಸಿ ಎಳೆಯಲು ಹಚ್ಚುವ ಪೇಸ್ಟನ್ನು ಜೋಪಾನವಾಗಿ ಒರೆಸಿ ಡಬ್ಬಿಯೊಳಗಿಟ್ಟು, ಇನ್ನು ಆ ಹೊಸ ಗೇಮು ಆರಾಮಾಗಿ ಓಡುತ್ತದೆ ಅಂದ.

“ಆಡಿ ನೋಡಲ್ವಾ?” ಅಂತ ಕೇಳಿದೆ.

“ಹೊತ್ತಾಯ್ತು. ನೀನೇ ಆಡು.”

ಅವನು ಮೆಟ್ಟಿಲಿಳಿದು ಹೋದ ಮೇಲೆ ಬಾಗಿಲು ಹಾಕಿ, ಕ್ಯಾಬಿನೆಟ್ ಪಕ್ಕದಲ್ಲೇ ಕೂತು ಅತ್ತೆ. ಪಲಾವಿನ ಮುಚ್ಚಳ ತೆಗೆದೇ ಇರಲಿಲ್ಲ. ನನಗೆ ಆಡಲು ಬರುವುದಿಲ್ಲ. ಇಷ್ಟು ವರ್ಷ ಅವನ ಪಕ್ಕದಲ್ಲಿ ಕೂತು ನೋಡಿದ್ದೇನೆಯೇ ಹೊರತು ಒಂದು ದಿನವೂ ಆಡಿದವಳಲ್ಲ. ಅದನ್ನೂ ಅವನು ಮರೆತಿದ್ದ.