ಪುಂಡಲೀಕ ‘ಹೋಗ್ರಿ’ ಅಂದ ಮೇಲೆ

ಮೇಡ್ಲೇರಿಯ ಪುಂಡಲೀಕ ಬಡಿಗೇರ ಒಂದು ದಿನವೂ ವಿಮಾನ ಹತ್ತಿ ಹಾರಿದವನಲ್ಲ. ಆದರೆ ಹನ್ನೊಂದು ವರ್ಷ ಅವನು ‘ಹೋಗ್ರಿ’ ಅನ್ನದೆ ರಾಣೆಬೆನ್ನೂರಿನ ವಿಮಾನ ಶಾಲೆಯಿಂದ ಒಂದು ವಿಮಾನವೂ ಮೇಲೇಳಲಿಲ್ಲ. ಅಲ್ಲಿ ಇದ್ದದ್ದೇ ಎರಡು ವಿಮಾನ ಅನ್ನುವುದು ಬೇರೆ ಮಾತು.

ವಿಮಾನಗಳು ಮೈಲಾರೆಪ್ಪ ಸಾವ್ಕಾರರವು. ಸಾವ್ಕಾರರು ಬೀಜದ ವ್ಯಾಪಾರದಲ್ಲಿ ದೊಡ್ಡ ಹೆಸರು. ಬೆಂಡೆ, ಬದನೆ, ಮೆಣಸಿನಕಾಯಿ ಎಲ್ಲದರ ಹೈಬ್ರಿಡ್ ತೆಗೆದಾದ ಮೇಲೆ ನೆಲದ ಮೇಲೆ ಮಾಡುವುದು ಏನೂ ಉಳಿಯಲಿಲ್ಲವೆಂದು ಆಕಾಶಕ್ಕೆ ಕೈ ಹಾಕಿದರು. ಊರ ಹೊರಗೆ ಒಂದು ರನ್‌ವೇ, ಒಂದು ತಗಡಿನ ಶೆಡ್ಡು, ಯಾರೋ ಓಡಿಸಿ ಸಾಕಾಗಿ ಮಾರಿದ ನಾಲ್ಕು ಸೀಟಿನ ಎರಡು ಹಳೇ ವಿಮಾನ. ಎರಡರ ಬಾಲದ ಮೇಲೂ ಬ್ಯಾಡಗಿ ಮೆಣಸಿನಕಾಯಿಯ ಚಿತ್ರ. ದೂರದಿಂದ ನೋಡಿದರೆ ಬೀಜದ ಪಾಕೀಟು ರೆಕ್ಕೆ ಹಚ್ಚಿಕೊಂಡು ನಿಂತಂತೆ ಕಾಣುತ್ತಿತ್ತು. ಸಾವ್ಕಾರರಿಗೂ ಹಾಗೇ ಕಾಣಬೇಕಿತ್ತು.

ವಿಮಾನಗಳಿಗೆ ಪುಂಡಲೀಕನಿಗಿಂತ ಎರಡು ವರ್ಷ ಹೆಚ್ಚು ವಯಸ್ಸು. ಅವುಗಳ ಮುಖ್ಯ ರೋಗ ಪೆಟ್ರೋಲ್ ಕಾಕ್. ಪೈಲಟ್ ಕೂಡುವ ಜಾಗದ ಕೆಳಗೆ, ನೆಲದ ಮೇಲೆ ಅಂಗೈಯಗಲದ ಒಂದು ಹಿಡಿಕೆ. ಎಡಕ್ಕೆ ತಿರುಗಿಸಿದರೆ ಎಡ ಟ್ಯಾಂಕು, ಬಲಕ್ಕೆ ಬಲ ಟ್ಯಾಂಕು. ಅದರ ಹೊಟ್ಟೆಯೊಳಗಿನ ರಬ್ಬರ್ ರಿಂಗು ಹಳತಾಗಿ ಬಿರುಸಾದರೆ ಪೆಟ್ರೋಲ್ ಜಿನುಗುತ್ತದೆ. ಜಿನುಗಿದ್ದು ಕೂತವರ ಕಾಲ ಕೆಳಗೇ ನಿಲ್ಲುತ್ತದೆ. ಒಂದು ಕಿಡಿ ಸಾಕು.

ಪುಂಡಲೀಕ ಕಾಕ್ ಬಿಚ್ಚಿ, ಹಿತ್ತಾಳೆ ಒರೆಸಿ, ಹೊಸ ರಿಂಗು ಕೂಡಿಸಿ, ಮತ್ತೆ ಬಿಗಿಯುತ್ತಿದ್ದ. ಇಷ್ಟನ್ನು ಯಾರಾದರೂ ಮಾಡಿಯಾರು. ಆಮೇಲಿನದು ಅವನೊಬ್ಬನದೇ. ಬಾಗಿಲು ಕಿಟಕಿ ಎಲ್ಲ ಮುಚ್ಚಿ, ಒಳಗೆ ಬೋರಲು ಮಲಗಿ, ಮೂಗನ್ನು ನೆಲಕ್ಕೆ ಹಚ್ಚಿ, ಒಂದು ಎಲೆ ಅಡಕಿ ಅಗಿದು ಮುಗಿಯುವಷ್ಟು ಹೊತ್ತು ಉಸಿರು ಎಳೆಯುತ್ತಿದ್ದ. ಎದ್ದು ಬಂದು, ಕೈ ಒರೆಸಿಕೊಂಡು, ಹಣ್ಣಿನ ಬುಟ್ಟಿ ದಾನ ಮಾಡುವ ಮಠಾಧೀಶರ ಗತ್ತಿನಲ್ಲಿ ‘ಹೋಗ್ರಿ’ ಅನ್ನುತ್ತಿದ್ದ. ಆ ಗತ್ತು ಸ್ವಲ್ಪ ಜಾಸ್ತಿಯೇ ಇತ್ತು. ಬ್ಯಾಡಗಿ ಸಂತೆಯಲ್ಲಿ ಯಾರಾದರೂ ಸಿಕ್ಕರೆ, “ಪೈಲಟ್ ಕಣ್ಣಿಂದ ಹಾರಸ್ತಾನ, ನಾ ಮೂಗಿಂದ ಹಾರಸ್ತೇನಿ” ಅನ್ನುತ್ತಿದ್ದ.

ಇಪ್ಪತ್ತೊಂದನೇ ಇಸವಿಯ ಜ್ವರ ಆ ಮೂಗನ್ನು ಒಯ್ದಿತು. ಜೀವ ಉಳಿಸಿತು, ವಾಸನೆ ಉಳಿಸಲಿಲ್ಲ.

ಮೊದಲು ಗೊತ್ತಾದದ್ದು ಹೆಂಡತಿ ಭರಮವ್ವನಿಗೆ. ಒಲೆಯ ಮೇಲೆ ಹಾಲು ಸೀದು ಮನೆಯೆಲ್ಲ ಕಮಟು ತುಂಬಿದ್ದರೂ ಎದುರಿಗೇ ಕೂತವನು ಪೇಪರು ಓದುತ್ತಿದ್ದ. ಅವಳು ಬಾಯಿ ಮಾಡಲಿಲ್ಲ. ಅವನ ಕಣ್ಣಿಗೆ ಸೆರಗು ಕಟ್ಟಿ ಮೂಗಿನ ಮುಂದೆ ಒಂದೊಂದೇ ಹಿಡಿದಳು.

“ಇದೇನ ಹೇಳ್ರಿ?”

“ಉಳ್ಳಾಗಡ್ಡಿ.”

“ಚಿಮಣಿ ಎಣ್ಣಿರಿ. ಇದು?”

“ಮಲ್ಲಿಗಿ ಹೂ.”

“ನಿಮ್ಮ ಕಾಲಚೀಲ!” ಅಂದವಳೇ ಒಮ್ಮೆ ನಕ್ಕಳು, ಮರುಗಳಿಗೆ ಅಳು ಬಂತು. ಪುಂಡಲೀಕ ಸೆರಗು ಬಿಚ್ಚಿಕೊಂಡು, “ಯಾರ ಮುಂದೂ ಅನಬ್ಯಾಡ” ಅಂದ.

ಮುಂದಿನ ಎರಡು ವರ್ಷ ಕಣ್ಣು ಅವನನ್ನು ಕಾಯ್ದಿತು. ವಿಮಾನದ ಪೆಟ್ರೋಲು ನೀಲಿ ಬಣ್ಣದ್ದು. ಜಿನುಗಿ ಆರಿದಲ್ಲಿ ನೀಲಿ ಕಲೆ ಉಳಿಯುತ್ತದೆ. ಕಾಕಿನ ಕೆಳಗೆ ಬಿಳಿ ಅರಿವೆ ಹಾಸಿಟ್ಟು ನೋಡಿದರೆ ಆಯಿತು. ಮೂಗನ್ನು ನೆಲಕ್ಕೆ ಹಚ್ಚುವುದನ್ನೂ ಅವನು ಬಿಡಲಿಲ್ಲ, ನೋಡುವವರ ಸಮಾಧಾನಕ್ಕೆ.

ಆಮೇಲೆ ಸಾವ್ಕಾರರಿಗೆ ಜ್ಞಾನೋದಯವಾಯಿತು. ನೀಲಿ ಪೆಟ್ರೋಲು ದೂರದಿಂದ ಬರಬೇಕು, ಬಂಕಿನ ಪೆಟ್ರೋಲು ಇಲ್ಲೇ ಸಿಗುತ್ತದೆ.

“ಯಪ್ಪಾ, ಬಂಕಿನದರಾಗ ಇಥನಾಲ್ ಕೂಡಸ್ತಾರ್ರಿ. ಹಳೇ ರಬ್ಬರ್ ತಿಂದ ಹಾಕತೈತ್ರಿ ಅದು,” ಅಂದ ಪುಂಡಲೀಕ.

“ನನ್ನ ಕಾರಿಗೆ ಅದನ್ನ ಹಾಕ್ತೇನಿ. ಇಪ್ಪತ್ತೆಂಟು ಲಕ್ಷದ ಕಾರು ಕುಡಿತೈತಿ, ನಿನ್ನ ಮುದಿ ವಿಮಾನಕ್ಕ ಏನ್ ಧಾಡಿ ಬಡದೈತಲೇ?”

ಹೀಗೆ ರಿಂಗು ಲಗೂ ಕೆಡತೊಡಗಿತು, ಬಂಕಿನ ಪೆಟ್ರೋಲಿಗೆ ನೀಲಿ ಇಲ್ಲದ್ದರಿಂದ ಕಲೆ ಬೀಳುವುದೂ ನಿಂತಿತು. ಉಳಿದದ್ದು ಮೂಗು ಮಾತ್ರ, ಅದು ಅವನಲ್ಲಿ ಇರಲಿಲ್ಲ. ಇದನ್ನು ಹೇಳಿದರೆ ಕೆಲಸ ಹೋಗುತ್ತದೆ, ಹೇಳದಿದ್ದರೆ ಒಂದು ದಿನ ಯಾರೋ ಸುಟ್ಟು ಬೂದಿಯಾಗುತ್ತಾರೆ. ಮೂರು ದಿನ ಅನ್ನ ಸೇರಲಿಲ್ಲ. ನಾಲ್ಕನೆಯ ದಿನ ಭರಮವ್ವ ತಾನೇ ಬುತ್ತಿ ಹಿಡಿದು ಶೆಡ್ಡಿಗೆ ಬಂದಳು. ರೊಟ್ಟಿ ಬಿಚ್ಚುವ ನೆವದಲ್ಲಿ ವಿಮಾನದ ಬಾಗಿಲಿಗೆ ತಲೆ ಹಾಕುವಳು. ಸೆರಗು ತಲೆಯ ಮೇಲೇ ಇದ್ದರೆ ನೆಟ್ಟಗಿದೆ ಅಂತ. ಮೂಗಿಗೆ ಬಂದರೆ ಸೋರುತ್ತಿದೆ ಅಂತ. ಅವಳನ್ನು ನೋಡಿ ಅವನು ‘ಹೋಗ್ರಿ’ ಅನ್ನುವನು, ಇಲ್ಲವೇ ಮತ್ತೆ ಪಾನಾ ಹಿಡಿದು ಕಾಕ್ ಬಿಚ್ಚುವನು. ಏಳು ತಿಂಗಳು ಹೀಗೆ ನಡೆಯಿತು. ಒಂದು ಹನಿಯೂ ಅವರಿಬ್ಬರಿಂದ ತಪ್ಪಿಸಿಕೊಂಡು ಹೋಗಲಿಲ್ಲ.

ಕಲಿಸಲು ಬೆಂಗಳೂರಿನಿಂದ ಬಂದಿದ್ದ ಕ್ಯಾಪ್ಟನ್ ಸಾಹೇಬರಿಗೆ ಅನುಮಾನ ಬಂತು. ಸಾಹೇಬರು ನೆಲದ ಮೇಲೆ ನಡೆಯುವಾಗಲೂ ಕಪ್ಪು ಕನ್ನಡಕ ತೆಗೆಯದವರು, ವೈಜ್ಞಾನಿಕ ಮನೋಭಾವದವರು. ಪ್ರಯೋಗ ಮಾಡಿಯೇ ನೋಡುವುದೆಂದರು. ಕಲಿಯಲು ಬಂದ ಹುಡುಗ ಹುಡುಗಿಯರನ್ನೆಲ್ಲ ಸುತ್ತ ನಿಲ್ಲಿಸಿ, ಬಿಸಿಲಲ್ಲಿ ಬೆವೆತು ಬಂದ ಪುಂಡಲೀಕನ ಕೈಗೆ ಒಂದು ಸ್ಟೀಲಿನ ಲೋಟ ಕೊಟ್ಟರು.

“ಸುಸ್ತಾಗಿದ್ದೀರ ಪುಂಡಲೀಕ, ನೀರು ಕುಡೀರಿ.”

ಸಾಹೇಬರು ಬಹುವಚನದಲ್ಲಿ ಮಾತಾಡಿದ್ದು ಅದೇ ಮೊದಲು. ಪುಂಡಲೀಕ ಖುಷಿಯಾಗಿ, ನಮ್ಮ ಕಡೆಯವರ ರೂಢಿಯಂತೆ ಲೋಟ ಮೇಲೆತ್ತಿ, ತಲೆ ಹಿಂದಕ್ಕೆ ಚೆಲ್ಲಿ ಬಾಯಿ ತೆರೆದ.

“ಯವ್ವಾ, ಪೆಟ್ರೋಲ ಐತಿ!” ಭರಮವ್ವ ಬುತ್ತಿ ಬಿಸಾಕಿ ಓಡಿ ಬಂದು ಕೈಗೆ ಹೊಡೆಯುವಷ್ಟರಲ್ಲಿ ಒಂದು ಗುಟುಕು ಒಳಗಿತ್ತು.

ಅವನು ಬಗ್ಗಿ ಕಾರುತ್ತಿದ್ದ. ಸುತ್ತ ನಿಂತವರು ನಗುತ್ತಿದ್ದರು. ಒಬ್ಬಳು ಫೋನಿನಲ್ಲಿ ವೀಡಿಯೊ ಹಿಡಿದಳು. ಕ್ಯಾಪ್ಟನ್ ಸಾಹೇಬರು, “ಸೋ, ಮೂಗು ಮೇಡಮ್ಮಂದು” ಎಂದು ಪ್ರಯೋಗದ ಫಲಿತಾಂಶ ಘೋಷಿಸಿದರು.

ಸಾವ್ಕಾರರ ನ್ಯಾಯ ಅರ್ಧ ಗಳಿಗೆಯಲ್ಲಿ ಮುಗಿಯಿತು. “ನಾ ಪಗಾರ ಕೊಡೂದು ಮೂಗಿಗೆ. ಮೂಗು ಆಕೀದಂದ ಮ್ಯಾಲ ನಿಂದೇನ್ ಕೆಲಸ? ಆಕಿ ಬರ್ಲಿ. ಕಸಾ ಹೊಡಿಯಾಕಿ ಅಂತ ಬರಕೊಂಡು ಅದರ ಪಗಾರ ಕೊಟ್ರಾತು. ನೀ ಗೇಟ್ ದಾಟಬ್ಯಾಡ.”

ಕಾಕ್ ರಿಪೇರಿಗೆ ಸಾವ್ಕಾರರ ಟ್ರ್ಯಾಕ್ಟರ್ ನೋಡುವವನು ಬಂದ. ಅವನು ರಿಂಗು ಬದಲಿಸುವ ಉಸಾಬರಿಗೆ ಹೋಗದೆ ಮೇಲಿಂದ ಗಮ್ ಬಳಿದ.

ಭರಮವ್ವ ಹೋಗಲಾರೆ ಅಂದಳು. “ನಿಮಗ ಪೆಟ್ರೋಲ ಕುಡಿಸಿದಾವರ ಕಸಾ ನಾ ಹೊಡೀಲೇನು?”

“ನೀ ಹೋಗಲಿಲ್ಲಂದ್ರ ಆ ಕಾಕಿನ ಮುಂದ ಯಾರ ಕುಂದರತಾರ?” ಅಂದ ಪುಂಡಲೀಕ. “ನಾ ಬಿಗಿದದ್ದು ಅದು. ಯಾರರೆ ಸುಟ್ಟರ ನನ್ನ ಕೈ ಸುಟ್ಟಂಗ.”

ಅಂದಿನಿಂದ ಅವಳು ಒಳಗೆ. ಅವನು ಬುತ್ತಿ ಹಿಡಿದು ಗೇಟಿನ ಹೊರಗೆ.

ಸಾವ್ಕಾರರಿಗೆ ಅರವತ್ತು ತುಂಬಿದ ದಿನ ಅವರೇ ವಿಮಾನದಲ್ಲಿ ಕೂತು ತಮ್ಮ ಮೆರವಣಿಗೆಯ ಮೇಲೆ ತಾವೇ ಹೂ ಸುರಿಯುವುದೆಂದು ನಿಶ್ಚಯವಾಗಿತ್ತು. ಮೆರವಣಿಗೆಯಲ್ಲಿ ಅವರ ಫೋಟೊ ಇರುತ್ತದೆ, ಆಕಾಶದಲ್ಲಿ ಅವರು. ಜರಿ ಪೇಟ ಸುತ್ತಿಕೊಂಡು, ನಾಲ್ಕು ಬುಟ್ಟಿ ಚೆಂಡುಹೂವಿನ ಜೊತೆ ಒಳಗೆ ಕೂತರು. ಭರಮವ್ವ ಬಾಗಿಲಿಗೆ ತಲೆ ಹಾಕಿದವಳೇ ಸೆರಗನ್ನು ಮೂಗಿಗೆ ಒತ್ತಿದಳು.

“ವಾಸನಿ ಬರಾಕತ್ತೈತ್ರಿ. ಇಳೀರಿ.”

“ಅದು ನನ್ನ ಸೆಂಟಿನ ವಾಸನಿ,” ಅಂದರು ಸಾವ್ಕಾರರು. “ಶುಭ ದಿನಾ ಮೂಗ ಮುಚಗೊಂಡ ನಿಂತಾಳ ನೋಡು, ಹೆಣದ ಮುಂದ ನಿಂತಂಗ. ಸರಿ ಅತ್ತಾಗ!”

ಬಾಗಿಲು ಹಾಕಿದರು. ಕ್ಯಾಪ್ಟನ್ ಸಾಹೇಬರು ಇಂಜಿನ್ ಚಾಲೂ ಮಾಡಿದರು, ವಿಮಾನದ ಮೂತಿಯ ಪಂಖ ತಿರುಗಿತು. ಅವಳು ಸೆರಗು ತೆಗೆಯದೆ ಗೇಟಿನ ಕಡೆ ತಿರುಗಿ ನಿಂತಳು. ಹೊರಗಿದ್ದವನಿಗೆ ಅಷ್ಟು ಸಾಕಾಯಿತು. ಬುತ್ತಿ ಕೆಳಗಿಟ್ಟು, ಮುಳ್ಳುತಂತಿಯ ಸಂದಿನಲ್ಲಿ ತೂರಿ, ಹರಿದ ಬೆನ್ನಿನಲ್ಲಿ ಓಡಿ ಬಂದು ರನ್‌ವೇ ನಡುವೆ ಎರಡೂ ಕೈ ಅಗಲಿಸಿ ನಿಂತ. ಕ್ಯಾಪ್ಟನ್ ಇಂಜಿನ್ ಬಂದ್ ಮಾಡಿದಾಗ ಪಂಖ ಅವನಿಂದ ಹತ್ತು ಹೆಜ್ಜೆ ದೂರವಿತ್ತು.

ಕಾಲ ಕೆಳಗಿನ ಚಾಪೆ ಎತ್ತಿದರು. ಹಿಂಡಿದರೆ ಪೆಟ್ರೋಲು ಸುರಿಯುವಷ್ಟು ತೊಯ್ದಿತ್ತು. ಸಾವ್ಕಾರರ ರೇಷ್ಮೆ ಧೋತರದ ಅಂಚೂ ತೊಯ್ದಿತ್ತು. ಅವರು ಅದನ್ನು ನೋಡಿಕೊಂಡರು, ಆಮೇಲೆ ಪುಂಡಲೀಕನನ್ನು ನೋಡಿದರು.

“ನನ್ನ ವಿಮಾನ ನಿಂದರ್ಸಾಕ ನಿನಗ ಯಾರಲೇ ಹೇಳಿದ್ದು?”

ಮರುದಿನ ಪತ್ರಿಕೆಯಲ್ಲಿ ‘ಕ್ಯಾಪ್ಟನ್ ಸಮಯಪ್ರಜ್ಞೆ, ತಪ್ಪಿದ ದುರಂತ’ ಎಂದು ಬಂತು. ಹಾವೇರಿಯಲ್ಲಿ ಸಾಹೇಬರಿಗೆ ಶಾಲು ಹೊದಿಸಿದರು. ಪುಂಡಲೀಕನ ಮೇಲೆ ಅತಿಕ್ರಮ ಪ್ರವೇಶದ ದೂರು ಹೋಯಿತು. ಕ್ಷಮಾಪಣೆ ಬರೆದುಕೊಟ್ಟರೆ ಬಿಡುವುದಾಗಿ ಹೇಳಿದರು. ಅವನು ಬರೆದ, ‘ಕಾಕ್ ಸೋರುತ್ತಿದ್ದುದರಿಂದ ಒಳಗೆ ಬಂದೆನು, ತಪ್ಪಾಯಿತು.’ ಮೊದಲ ಎರಡು ಪದ ಹೊಡೆದು ಹಾಕಿಸಿ ಸಹಿ ಮಾಡಿಸಿಕೊಂಡರು. ಶುಭ ದಿನದಲ್ಲಿ ಅಪಶಕುನ ಮಾಡಿದ್ದಕ್ಕೆ ಭರಮವ್ವನನ್ನೂ ಕೆಲಸದಿಂದ ಬಿಡಿಸಿದರು.

ಅವಳ ಜಾಗಕ್ಕೆ ವಾಸನೆ ಹಿಡಿಯುವ ಒಂದು ಮಷೀನು ಬಂತು. ಪೆಟ್ರೋಲು ಜಿನುಗಿದರೆ ಸಾಕು, ಕೂಗುತ್ತದೆ. ಶೆಡ್ಡಿನಲ್ಲಿ ಇಟ್ಟ ಗಳಿಗೆಯಿಂದ ಅದು ಬಾಯಿ ಮುಚ್ಚಲಿಲ್ಲ. ಮೂರನೆಯ ದಿನ ಕ್ಯಾಪ್ಟನ್ ಸಾಹೇಬರು, ಮಷೀನು ಕೆಟ್ಟಿದೆಯೆಂದು ತೀರ್ಮಾನಿಸಿ ಅದರ ಸೆಲ್ಲು ತೆಗೆಸಿದರು.

ಈಗ ಪುಂಡಲೀಕ ಮೇಡ್ಲೇರಿಯಲ್ಲಿ ಔಷಧಿ ಹೊಡೆಯುವ ಪಂಪು ರಿಪೇರಿ ಮಾಡುತ್ತಾನೆ. ಮಧ್ಯಾಹ್ನ ಇಬ್ಬರೂ ಉಣ್ಣಲು ಕೂತಾಗ ಎಷ್ಟೋ ಸಲ ಆ ಮೆಣಸಿನಕಾಯಿ ಬಾಲದ ವಿಮಾನ ಊರ ಮೇಲೆ ಹಾಯುತ್ತದೆ. ಭರಮವ್ವನ ಕೈ ತಾನಾಗಿ ಸೆರಗಿಗೆ ಹೋಗುತ್ತದೆ. ಸದ್ದು ಹೊಳೆ ದಾಟಿ ಪೂರ್ತಿ ಅಡಗುವ ತನಕ ಇಬ್ಬರೂ ಬಾಯಲ್ಲಿದ್ದ ತುತ್ತು ಅಗಿಯುವುದಿಲ್ಲ.